ಸ್ಟಾರ್ಟ್ ಮಾಡಿದಾಗ ಎಂಜಿನ್ ಬಡಿದುಕೊಳ್ಳುವ ಸದ್ದು: ಮೂಲವನ್ನು ಪತ್ತೆಹಚ್ಚುವ ಕ್ರಮ

ರಾತ್ರಿಯೆಲ್ಲ ನಿಂತಿದ್ದ ವಾಹನವನ್ನು ಬೆಳಿಗ್ಗೆ ಸ್ಟಾರ್ಟ್ ಮಾಡಿದೊಡನೆ ಎಂಜಿನ್ನಿನಿಂದ ಟಕಟಕ ಎಂದೋ ಗಡಗಡ ಎಂದೋ ಸದ್ದು ಬಂದರೆ, ಅದರ ಕಾರಣ ಒಂದು ಆಯಿಲ್ ಫಿಲ್ಟರ್ ಬದಲಿಸಿದರೆ ಮುಗಿಯುವಂಥದ್ದೂ ಆಗಿರಬಹುದು, ಎಂಜಿನ್ನನ್ನು ಪೂರ್ತಿ ಬಿಚ್ಚಬೇಕಾದಂಥದ್ದೂ ಆಗಿರಬಹುದು. ಸದ್ದಿನ ಬಗೆಯೊಂದನ್ನೇ ಕೇಳಿ ಇವೆರಡನ್ನು ಬೇರ್ಪಡಿಸುವುದು ಅನುಭವಿ ಮೆಕ್ಯಾನಿಕ್‌ಗೂ ಸುಲಭವಲ್ಲ. ಲೋಹದ ಮೂಲಕ ಹರಿಯುವ ಸದ್ದು ಹುಟ್ಟಿದ ಜಾಗವನ್ನು ಬಿಟ್ಟು ಬೇರೆಲ್ಲೋ ಕೇಳಿಸುತ್ತದೆ. ಅದಕ್ಕಿಂತ ಹೆಚ್ಚು ನೆಚ್ಚಬಹುದಾದ ಸುಳಿವು ಕಾಲ. ಸದ್ದು ಯಾವ ಕ್ಷಣದಲ್ಲಿ ಶುರುವಾಯಿತು, ಎಷ್ಟು ಹೊತ್ತು ಉಳಿಯಿತು, ಎಂಜಿನ್ ಬಿಸಿಯೇರುತ್ತ ಹೋದಂತೆ ಕುಗ್ಗಿತೋ ಬೆಳೆಯಿತೋ ಎಂಬುದನ್ನು ಸರಿಯಾಗಿ ಗಮನಿಸಿದರೆ ಅರ್ಧಕ್ಕಿಂತ ಹೆಚ್ಚು ಸಾಧ್ಯತೆಗಳು ಅಲ್ಲಿಯೇ ಕಳಚಿ ಬೀಳುತ್ತವೆ.

ಆದರೆ ಈ ಸಾಕ್ಷ್ಯ ಬೇಕೆಂದಾಗಲೆಲ್ಲ ಸಿಗುವುದಿಲ್ಲ. ಎಂಜಿನ್ ಒಮ್ಮೆ ಓಡಿತೆಂದರೆ ಆಯಿಲ್ ಎಲ್ಲ ನಾಳಗಳಲ್ಲೂ ತುಂಬಿಕೊಳ್ಳುತ್ತದೆ, ಬಿಡಿಭಾಗಗಳು ಬೆಚ್ಚಗಾಗುತ್ತವೆ. ಮತ್ತೆ ಅದೇ ಸ್ಥಿತಿ ಬರಲು ಹಲವು ಗಂಟೆಗಳು ಬೇಕು. ಸದ್ದು ಕೇಳಿಸಿತೆಂದು ಕೂಡಲೇ ಆಫ್ ಮಾಡಿ ಮತ್ತೆ ಮತ್ತೆ ಸ್ಟಾರ್ಟ್ ಮಾಡುವುದರಿಂದ ಹೊಸದೇನೂ ತಿಳಿಯದು. ದೋಷ ಬೇರಿಂಗ್‌ನಲ್ಲಿದ್ದರಂತೂ ಹಾನಿ ಹೆಚ್ಚುತ್ತದೆ. ಆದ್ದರಿಂದ ದಿನದ ಮೊದಲ ಸ್ಟಾರ್ಟ್‌ಗೆ ಮುಂಚೆಯೇ ಎಲ್ಲವನ್ನೂ ಸಿದ್ಧಪಡಿಸಿಕೊಂಡಿರಬೇಕು.

ಕೀಲಿಯನ್ನು ಮುಟ್ಟುವ ಮೊದಲು ನೋಡಬೇಕಾದದ್ದು ಆಯಿಲ್. ವಾಹನ ಸಮತಟ್ಟಾದ ನೆಲದಲ್ಲಿರಲಿ. ಡಿಪ್‌ಸ್ಟಿಕ್ಕನ್ನು ಹೊರತೆಗೆದು ಒರೆಸಿ, ಮತ್ತೆ ಪೂರ್ತಿ ಇಳಿಸಿ ತೆಗೆದು, ಮಟ್ಟವು ಎರಡು ಗುರುತುಗಳ ನಡುವೆ ಇದೆಯೇ ಎಂದು ನೋಡಬೇಕು. ಮಟ್ಟ ತೀರಾ ಕಡಿಮೆಯಿದ್ದರೆ ಪಂಪ್ ಆಯಿಲ್ ಜೊತೆ ಗಾಳಿಯನ್ನೂ ಎಳೆದುಕೊಳ್ಳುತ್ತದೆ. ತೀರಾ ಹೆಚ್ಚಿದ್ದರೆ ಪಿಸ್ಟನ್‌ಗಳ ಬಲದಿಂದ ತಿರುಗುವ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟ್ ಅದನ್ನು ಕಡೆದು ನೊರೆಯಾಗಿಸುತ್ತದೆ. ಎರಡೂ ಸಂದರ್ಭಗಳಲ್ಲಿ ಒತ್ತಡ ಕುಸಿದು ಬಡಿತ ಹುಟ್ಟಬಹುದು. ಡಿಪ್‌ಸ್ಟಿಕ್ಕಿನ ವಾಸನೆಯನ್ನೂ ನೋಡಿ: ಇಂಧನದ ವಾಸನೆ ಗಾಢವಾಗಿದ್ದರೆ ಆಯಿಲ್ ತೆಳುವಾಗಿದೆಯೆಂದು ಅರ್ಥ, ಹಾಲುಬೆರೆತಂತೆ ಕಂಡರೆ ಕೂಲಂಟ್ ಅಥವಾ ನೀರು ಸೇರಿದೆಯೆಂದು ಅರ್ಥ. ಹಿಂದಿನ ಸರ್ವಿಸ್‌ನಲ್ಲಿ ಯಾವ ಗ್ರೇಡ್ ಆಯಿಲ್ ಹಾಕಲಾಗಿತ್ತು, ಯಾವ ಫಿಲ್ಟರ್ ಜೋಡಿಸಲಾಗಿತ್ತು ಎಂಬುದನ್ನು ಬಿಲ್ಲಿನಿಂದಲೇ ಖಚಿತಪಡಿಸಿಕೊಳ್ಳುವುದು ಒಳ್ಳೆಯದು. 5ಡಬ್ಲ್ಯೂ-30 ಎಂಬಲ್ಲಿ ಮೊದಲ ಸಂಖ್ಯೆಯು ತಣ್ಣಗಿರುವಾಗ ಆಯಿಲ್ ಎಷ್ಟು ಸಲೀಸಾಗಿ ಹರಿಯುತ್ತದೆ ಎಂಬುದನ್ನು ಸೂಚಿಸುತ್ತದೆ. ಕೈಪಿಡಿಯಲ್ಲಿ 0 ಅಥವಾ 5 ಎಂದಿರುವ ಎಂಜಿನ್ನಿಗೆ 20 ಎಂದಿರುವ ದಪ್ಪ ಆಯಿಲ್ ಹಾಕಿದ್ದರೆ, ಚಳಿಯ ಬೆಳಗಿನಲ್ಲಿ ಅದು ಮೇಲಿನ ಭಾಗಗಳನ್ನು ತಲುಪುವುದು ತಡವಾಗುವುದರಲ್ಲಿ ಆಶ್ಚರ್ಯವಿಲ್ಲ.

ಕೂಲಂಟ್ ಟ್ಯಾಂಕಿನ ಮಟ್ಟವನ್ನೂ ನೋಡಿ. ಅದು ಹೊರಗೆಲ್ಲೂ ಸೋರದೆ ದಿನದಿನಕ್ಕೆ ಇಳಿಯುತ್ತಿದ್ದು, ಸ್ಟಾರ್ಟರ್ ತಿರುಗಿದೊಡನೆ ಒಂದೇ ಒಂದು ಭಾರಿ ಹೊಡೆತ ಕೇಳಿ ಎಂಜಿನ್ ಸಿಕ್ಕಿಕೊಂಡಂತೆ ನಿಂತರೆ, ಮತ್ತೊಮ್ಮೆ ಪ್ರಯತ್ನಿಸಲೇಬಾರದು. ಸಿಲಿಂಡರ್‌ನೊಳಗೆ ದ್ರವ ತುಂಬಿರುವ ಸಾಧ್ಯತೆಯಿದೆ. ದ್ರವವು ಒತ್ತಡಕ್ಕೆ ಕುಗ್ಗುವುದಿಲ್ಲವಾದ್ದರಿಂದ ಪಿಸ್ಟನ್ನನ್ನು ಕ್ರ್ಯಾಂಕ್‌ಶಾಫ್ಟಿಗೆ ಜೋಡಿಸುವ ಕನೆಕ್ಟಿಂಗ್ ರಾಡ್ ಬಾಗಿಬಿಡುತ್ತದೆ.

ಇನ್ನು ಆಲಿಸುವ ಸಿದ್ಧತೆ. ವಾಹನವನ್ನು ತೆರೆದ ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್‌ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್‌ನಲ್ಲಿ ಅಥವಾ ಪಾರ್ಕ್‌ನಲ್ಲಿ ಇರುವಂತೆ ನೋಡಿಕೊಳ್ಳಬೇಕು. ಮುಚ್ಚಿದ ಗ್ಯಾರೇಜಿನಲ್ಲಿ ಹೊಗೆಯ ಕಾರ್ಬನ್ ಮೊನಾಕ್ಸೈಡ್ ಪ್ರಾಣಕ್ಕೇ ಕುತ್ತು ತರುತ್ತದೆ. ಒಬ್ಬರು ಕೀಲಿ ತಿರುಗಿಸಲಿ, ಇನ್ನೊಬ್ಬರು ತೆರೆದ ಬಾನೆಟ್ಟಿನ ಬಳಿ ನಿಲ್ಲಲಿ. ಸಡಿಲ ತೋಳು, ಶಾಲು, ಜಡೆ ಯಾವುದೂ ಬೆಲ್ಟ್‌ಗಳ ಹತ್ತಿರ ಸುಳಿಯಬಾರದು. ವಿದ್ಯುತ್ ಫ್ಯಾನ್ ಯಾವ ಕ್ಷಣದಲ್ಲಾದರೂ ತಿರುಗಲು ಆರಂಭಿಸಬಹುದು ಎಂಬುದು ನೆನಪಿರಲಿ. ಮೊಬೈಲಿನಲ್ಲಿ ಧ್ವನಿಮುದ್ರಣವನ್ನು ಕೀಲಿ ತಿರುಗಿಸುವುದಕ್ಕೆ ಮೊದಲೇ ಶುರುಮಾಡಿ. ಮೊದಲ ಎರಡು ಸೆಕೆಂಡುಗಳೇ ಬಹುಮುಖ್ಯ. ಅನಂತರ ನೆನಪಿನ ಮೇಲೆ ಹೇಳುವ ಲೆಕ್ಕವನ್ನು ನಂಬುವಂತಿಲ್ಲ. ಮೆಕ್ಯಾನಿಕ್‌ಗಳು ಬಳಸುವ ಸ್ಟೆತೊಸ್ಕೋಪ್ ಸಿಕ್ಕರೆ ಸರಿ, ಇಲ್ಲದಿದ್ದರೆ ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಯ ಮುಂದಿನ ಮೂಳೆಗೆ ಒತ್ತಿ ತುದಿಯನ್ನು ಎಂಜಿನ್ ಮೇಲಿಟ್ಟರೂ ಸಾಕು. ವಾಲ್ವ್ ಕವರ್, ವಾಲ್ವ್‌ಗಳನ್ನು ತೆರೆಯುವ ಕ್ಯಾಮ್‌ಶಾಫ್ಟನ್ನು ತಿರುಗಿಸುವ ಟೈಮಿಂಗ್ ಚೈನಿನ ಕವರ್, ಬ್ಲಾಕಿನ ಬದಿ, ಕೆಳಗೆ ಆಯಿಲ್ ನಿಲ್ಲುವ ತೊಟ್ಟಿಯಾದ ಸಂಪ್ ಇವುಗಳಲ್ಲಿ ಸದ್ದು ಎಲ್ಲಿ ಅತಿ ಜೋರಾಗಿದೆ ಎಂಬುದನ್ನು ಹೋಲಿಸುವುದು ಇದರ ಉದ್ದೇಶ.

ಕೀಲಿ ತಿರುಗಿಸುವವರ ಕಣ್ಣು ಆಯಿಲ್ ಒತ್ತಡದ ಕೆಂಪು ದೀಪದ ಮೇಲಿರಲಿ. ಎಂಜಿನ್ ಸ್ಟಾರ್ಟ್ ಆಗುವ ಮುನ್ನ, ಇಗ್ನಿಷನ್ ಆನ್ ಇದ್ದಾಗ ಬಹುಪಾಲು ವಾಹನಗಳಲ್ಲಿ ಅದು ಉರಿಯಬೇಕು. ಎಂಜಿನ್ ಓಡತೊಡಗಿದ ಕೆಲವೇ ಸೆಕೆಂಡುಗಳಲ್ಲಿ ಆರಬೇಕು. ದೀಪ ಆರದೆ ಬಡಿತವೂ ಕೇಳುತ್ತಿದ್ದರೆ ಮರುಯೋಚನೆಯಿಲ್ಲದೆ ಎಂಜಿನ್ ನಿಲ್ಲಿಸಬೇಕು. ದೀಪ ಆರಿತೆಂದ ಮಾತ್ರಕ್ಕೆ ಒತ್ತಡ ಸಾಕಷ್ಟಿದೆಯೆಂದು ತೀರ್ಮಾನಿಸುವುದೂ ತಪ್ಪು, ಏಕೆಂದರೆ ಅದರ ಸ್ವಿಚ್ ಸಾಮಾನ್ಯವಾಗಿ ಅರ್ಧ ಬಾರ್ ಆಸುಪಾಸಿನ ಅತಿ ಕಡಿಮೆ ಒತ್ತಡಕ್ಕೇ ಬದಲಾಗುತ್ತದೆ.

ಸದ್ದು ಒಂದರಿಂದ ಮೂರು ಸೆಕೆಂಡು ಮಾತ್ರ ಇದ್ದು ಮಾಯವಾದರೆ, ಆಯಿಲ್ ತಲುಪುವುದು ತಡವಾಗುತ್ತಿದೆ ಎಂಬುದು ಮೊದಲ ಊಹೆ. ಆಯಿಲ್ ಫಿಲ್ಟರ್‌ನೊಳಗೆ, ಎಂಜಿನ್ ನಿಂತಾಗ ಆಯಿಲ್ ಹಿಂದಕ್ಕೆ ಸಂಪ್‌ಗೆ ಇಳಿಯದಂತೆ ತಡೆಯುವ ಒಂದು ವಾಲ್ವ್ ಇರುತ್ತದೆ. ಅದರ ರಬ್ಬರ್ ಗಡುಸಾದರೆ, ಅಥವಾ ಗುಣಮಟ್ಟವಿಲ್ಲದ ಫಿಲ್ಟರ್‌ನಲ್ಲಿ ಅದು ಸರಿಯಾಗಿ ಮುಚ್ಚದಿದ್ದರೆ, ರಾತ್ರಿ ಕಳೆಯುವಷ್ಟರಲ್ಲಿ ಫಿಲ್ಟರ್ ಬರಿದಾಗಿರುತ್ತದೆ. ಅಡ್ಡವಾಗಿ ಅಥವಾ ತಲೆಕೆಳಗಾಗಿ ಜೋಡಿಸಿದ ಫಿಲ್ಟರ್‌ಗಳಲ್ಲಿ ಈ ತೊಂದರೆ ಹೆಚ್ಚು. ಇಲ್ಲಿ ಮಾಡಬೇಕಾದ ಕೆಲಸ ಸರಳ: ತಯಾರಕರು ಸೂಚಿಸಿದ ಫಿಲ್ಟರ್, ಸೂಚಿಸಿದ ಗ್ರೇಡಿನ ಆಯಿಲ್ ಹಾಕಿಸಿ, ಮುಂದಿನ ಕೆಲವು ಬೆಳಗುಗಳಲ್ಲಿ ಮತ್ತೆ ಆಲಿಸುವುದು. ದುಬಾರಿ ಬಿಡಿಭಾಗಗಳ ಮಾತೆತ್ತುವ ಮುನ್ನ ಈ ಹೆಜ್ಜೆಯನ್ನು ಬಿಡಲೇಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ.

ಅದಾದ ಮೇಲೂ ಸದ್ದು ಉಳಿದು, ಸ್ಟೆತೊಸ್ಕೋಪಿನಲ್ಲಿ ಅದು ಟೈಮಿಂಗ್ ಚೈನಿನ ಕವರಿನಿಂದ ಗಡಗಡನೆ ಕೇಳಿದರೆ, ಚೈನನ್ನು ಬಿಗಿಯಾಗಿ ಹಿಡಿಯುವ ಟೆನ್ಷನರ್ ಕಡೆಗೆ ಗಮನ ಹರಿಸಬೇಕು. ಅನೇಕ ಎಂಜಿನ್‌ಗಳಲ್ಲಿ ಅದು ಆಯಿಲ್ ಒತ್ತಡದಿಂದಲೇ ಕೆಲಸ ಮಾಡುತ್ತದೆ. ಒತ್ತಡ ಬರುವವರೆಗೆ ಸಡಿಲ ಚೈನ್ ತನ್ನ ಗೈಡ್‌ಗಳಿಗೆ ಬಡಿಯುತ್ತದೆ. ವಾಲ್ವ್ ಟೈಮಿಂಗ್ ಬದಲಿಸುವ ವ್ಯವಸ್ಥೆಯಿರುವ ಎಂಜಿನ್‌ಗಳಲ್ಲಿ, ಕ್ಯಾಮ್‌ಶಾಫ್ಟ್ ತುದಿಯಲ್ಲಿ ಆ ಕೆಲಸ ಮಾಡುವ ಫೇಸರ್ ತನ್ನ ಲಾಕ್ ಪಿನ್ ಸವೆದಾಗ ಇದೇ ಬಗೆಯ ಸದ್ದು ಮಾಡುತ್ತದೆ. ಸದ್ದಿನ ಅವಧಿ ತಿಂಗಳಿಂದ ತಿಂಗಳಿಗೆ ಬೆಳೆಯುತ್ತಿದ್ದರೆ ಅದನ್ನು ಲಘುವಾಗಿ ಕಾಣಬಾರದು. ಚೈನ್ ಹಲ್ಲು ಜಿಗಿದರೆ ಬಹಳಷ್ಟು ಎಂಜಿನ್‌ಗಳಲ್ಲಿ ವಾಲ್ವ್‌ಗಳು ಪಿಸ್ಟನ್‌ಗೆ ತಗುಲಿ ಬಾಗುತ್ತವೆ. ಎಂಜಿನ್ನಿನ ಕಂಪ್ಯೂಟರಿನಿಂದ ದೋಷದ ಕೋಡ್‌ಗಳನ್ನು ಓದುವ ಸ್ಕ್ಯಾನರ್ ಜೋಡಿಸಿದಾಗ ಪಿ0016ರಂತಹ, ಕ್ರ್ಯಾಂಕ್ ಮತ್ತು ಕ್ಯಾಮ್ ಸ್ಥಾನಗಳು ಹೊಂದುತ್ತಿಲ್ಲವೆಂಬ ಕೋಡ್ ಸಿಕ್ಕರೆ ಚೈನ್ ಹಿಗ್ಗಿರುವ ಶಂಕೆ ಬಲವಾಗುತ್ತದೆ. ಕೋಡ್ ಇಲ್ಲವೆಂದರೆ ಚೈನ್ ಸರಿಯಿದೆಯೆಂದೇನೂ ಅಲ್ಲ.

ಮೇಲ್ಭಾಗದಿಂದ ಬರುವ ಹಗುರವಾದ ಟಿಕ್‌ಟಿಕ್ ಸದ್ದು ಹೆಚ್ಚಾಗಿ ಟ್ಯಾಪೆಟ್‌ನದು, ಅಂದರೆ ಕ್ಯಾಮ್‌ಶಾಫ್ಟಿನ ತಳ್ಳುವಿಕೆಯನ್ನು ವಾಲ್ವ್‌ಗೆ ಮುಟ್ಟಿಸುವ ಭಾಗದ್ದು. ನಾಲ್ಕು ಸ್ಟ್ರೋಕಿನ ಎಂಜಿನ್ನಿನಲ್ಲಿ ಕ್ಯಾಮ್‌ಶಾಫ್ಟ್ ಕ್ರ್ಯಾಂಕ್‌ಶಾಫ್ಟಿನ ಅರ್ಧ ವೇಗದಲ್ಲಿ ತಿರುಗುವುದರಿಂದ, ನಿಮಿಷಕ್ಕೆ 800 ಸುತ್ತಿನ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ ಎಂಜಿನ್ ಓಡುವಾಗ) ಒಂದು ಸಡಿಲ ಟ್ಯಾಪೆಟ್ 400 ಸಲ ಬಡಿಯುತ್ತದೆ, ಅಂದರೆ ಸೆಕೆಂಡಿಗೆ ಆರೇಳು ಸಲ. ಕ್ರ್ಯಾಂಕ್ ವೇಗದ ಬಡಿತ ಇದರ ಇಮ್ಮಡಿ ಇರುತ್ತದೆ. ಮುದ್ರಿಸಿಕೊಂಡ ಧ್ವನಿಯನ್ನು ನಿಧಾನಗತಿಯಲ್ಲಿ ಕೇಳಿ ಎಣಿಸಿದರೆ ಈ ವ್ಯತ್ಯಾಸ ಸ್ಪಷ್ಟವಾಗುತ್ತದೆ. ಹೈಡ್ರಾಲಿಕ್ ಟ್ಯಾಪೆಟ್ ಆಯಿಲ್ ತುಂಬಿಕೊಂಡಂತೆ ಸುಮ್ಮನಾಗುತ್ತದೆ. ಹೊಂದಿಸಬಹುದಾದ ಬಗೆಯದಾದರೆ ಫೀಲರ್ ಗೇಜ್ ಎಂಬ ತೆಳು ಪಟ್ಟಿಗಳಿಂದ ಕ್ಲಿಯರೆನ್ಸ್, ಅಂದರೆ ನಡುವಿನ ಸಂದನ್ನು ಅಳೆದು ಸರಿಪಡಿಸಬೇಕು.

ಸದ್ದು ಕೆಲವು ನಿಮಿಷ ಉಳಿದು, ಎಂಜಿನ್ ಬಿಸಿಯಾಗುತ್ತಿದ್ದಂತೆ ನಿಧಾನವಾಗಿ ಕರಗಿಹೋದರೆ ಎರಡು ಕಾರಣಗಳನ್ನು ಪರಿಶೀಲಿಸಬೇಕು, ಮತ್ತು ಇವೆರಡನ್ನು ಜನ ಬಹಳ ಸುಲಭವಾಗಿ ಅದಲುಬದಲು ಮಾಡಿಕೊಳ್ಳುತ್ತಾರೆ. ಒಂದು, ಪಿಸ್ಟನ್ ಸಿಲಿಂಡರ್ ಗೋಡೆಗೆ ಬಡಿಯುವುದು. ಅಲ್ಯೂಮಿನಿಯಂ ಪಿಸ್ಟನ್ ಬಿಸಿಯಾದಾಗ ಬೀಡುಕಬ್ಬಿಣದ ಗೋಡೆಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಹಿಗ್ಗುತ್ತದೆ; ತಣ್ಣಗಿದ್ದಾಗ ಇರುವ ಸಂದು ಬಿಸಿಯಾದಾಗ ಕಿರಿದಾಗಿ ಸದ್ದು ನಿಲ್ಲುತ್ತದೆ. ಇದು ಬ್ಲಾಕಿನ ಬದಿಯಿಂದ ಕೇಳುವ, ಸ್ವಲ್ಪ ಟೊಳ್ಳಾದ ಸದ್ದು. ಎರಡನೆಯದು, ಸಿಲಿಂಡರ್‌ಗಳ ಹೊಗೆಯನ್ನು ಒಗ್ಗೂಡಿಸಿ ಹೊರಗೊಯ್ಯುವ ಎಕ್ಸಾಸ್ಟ್ ಮ್ಯಾನಿಫೋಲ್ಡಿನ ಸೋರಿಕೆ. ಮುರಿದ ಸ್ಟಡ್ ಅಥವಾ ಸುಟ್ಟ ಗ್ಯಾಸ್ಕೆಟ್ ಬಳಿ ಹೊಗೆ ಚಿಮ್ಮಿ ಟಕಟಕ ಎನ್ನುತ್ತದೆ, ಲೋಹ ಬಿಸಿಯಿಂದ ಹಿಗ್ಗಿ ಸಂದನ್ನು ಮುಚ್ಚಿದಾಗ ತಾನಾಗಿ ಅಡಗುತ್ತದೆ. ಮ್ಯಾನಿಫೋಲ್ಡ್ ಸೇರುವ ಜಾಗದಲ್ಲಿ ಕಪ್ಪು ಮಸಿಯ ಗೆರೆ ಇದ್ದರೆ ಸೋರಿಕೆ ಅಲ್ಲಿಯೇ. ಎಂಜಿನ್ ಬಿಚ್ಚುವ ತೀರ್ಮಾನಕ್ಕೆ ಬರುವ ಮೊದಲು ಈ ಗೆರೆಗಾಗಿ ಟಾರ್ಚ್ ಹಿಡಿದು ಹುಡುಕಲೇಬೇಕು. ಪಿಸ್ಟನ್ ಬಡಿತವೇ ಆಗಿದ್ದು, ಆಯಿಲ್ ಖರ್ಚಾಗುವುದೂ ನೀಲಿ ಹೊಗೆಯೂ ಇಲ್ಲದಿದ್ದರೆ, ಅಂಥ ಎಂಜಿನ್ ವರ್ಷಗಟ್ಟಲೆ ಓಡುವುದುಂಟು. ಬೆಳಿಗ್ಗೆ ಹೊರಟಾಗ ಆಕ್ಸಿಲರೇಟರ್ ಅನ್ನು ಹಗುರವಾಗಿ ಒತ್ತುವುದೇ ಸಾಕಾದ ಜಾಗ್ರತೆ.

ನಿಜವಾದ ಆತಂಕಕ್ಕೆ ಕಾರಣವಾಗಬೇಕಾದದ್ದು ಬಿಸಿಯಾದ ಮೇಲೂ ಉಳಿಯುವ ಅಥವಾ ಹೆಚ್ಚುವ ಬಡಿತ. ಕನೆಕ್ಟಿಂಗ್ ರಾಡಿನ ಬೇರಿಂಗ್ ಸವೆದಾಗ, ಸ್ಟಾರ್ಟ್ ಆದ ಕ್ಷಣದಲ್ಲಿ ಒತ್ತಡ ಬರುವವರೆಗೆ ಗಟ್ಟಿಯಾಗಿ ಬಡಿದು, ನಡುವೆ ತಣ್ಣನೆಯ ದಪ್ಪ ಆಯಿಲ್ ಸಂದನ್ನು ತುಂಬುವುದರಿಂದ ತುಸು ಸುಮ್ಮನಾಗಿ, ಬಿಸಿಯಾಗಿ ಆಯಿಲ್ ತೆಳುವಾದ ಮೇಲೆ ಮತ್ತೆ ಮೇಲೇಳುತ್ತದೆ. ಈ ನಡುವಿನ ಮೌನವೇ ಅನೇಕರನ್ನು ಮೋಸಗೊಳಿಸುತ್ತದೆ. ವೇಗ ಏರಿಸಿ ಆಕ್ಸಿಲರೇಟರ್ ಬಿಟ್ಟಾಗ ಬಡಿತ ಎದ್ದು ಕೇಳುವುದು ಇದರ ಇನ್ನೊಂದು ಲಕ್ಷಣ. ಆದರೆ ಶಂಕೆ ಬಂದ ಎಂಜಿನ್ನನ್ನು ಪರೀಕ್ಷೆಗೆಂದು ರೇಸ್ ಮಾಡಬಾರದು. ಬದಲಿಗೆ, ಐಡಲ್‌ನಲ್ಲಿ ಒಂದೊಂದೇ ಸಿಲಿಂಡರನ್ನು ನಿಷ್ಕ್ರಿಯಗೊಳಿಸಿ ಆಲಿಸಬಹುದು. ಒಂದು ಸಿಲಿಂಡರಿನ ದಹನ ನಿಂತಾಗ ಬಡಿತ ಗಮನಾರ್ಹವಾಗಿ ತಗ್ಗಿದರೆ ದೋಷ ಆ ಸಿಲಿಂಡರಿನ ಬೇರಿಂಗ್, ಪಿಸ್ಟನ್ ಅಥವಾ ಪಿಸ್ಟನ್ನನ್ನು ರಾಡಿಗೆ ಜೋಡಿಸುವ ಗಜನ್ ಪಿನ್‌ನಲ್ಲಿದೆ. ಇದನ್ನು ಇಗ್ನಿಷನ್ ಕಾಯಿಲಿನ ತಂತಿ ಕಿತ್ತು ಮಾಡುವುದಕ್ಕಿಂತ, ಇಂಧನ ಚಿಮ್ಮಿಸುವ ಇಂಜೆಕ್ಟರನ್ನು ನಿಲ್ಲಿಸುವ ಸೌಲಭ್ಯವಿರುವ ಸ್ಕ್ಯಾನರಿನಿಂದ ಮಾಡಿಸುವುದು ಮೇಲು. ಉರಿಯದ ಇಂಧನ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋದರೆ ಅದು ಕೆಡುತ್ತದೆ.

ಖಚಿತ ಉತ್ತರ ಬೇಕೆಂದರೆ ಒತ್ತಡದ ಸ್ವಿಚ್ ಇರುವ ಜಾಗಕ್ಕೆ ಗೇಜ್ ಜೋಡಿಸಿ, ತಣ್ಣಗಿರುವಾಗಲೂ ಪೂರ್ತಿ ಬಿಸಿಯಾದಾಗಲೂ ಅಳೆದು, ಕೈಪಿಡಿಯ ಅಂಕಿಗಳೊಂದಿಗೆ ಹೋಲಿಸಬೇಕು. ಕೈಪಿಡಿ ಸಿಗದಿದ್ದರೆ, ಬಿಸಿ ಎಂಜಿನ್ನಿನಲ್ಲಿ ಪ್ರತಿ 1000 ಆರ್‌ಪಿಎಂಗೆ ಸುಮಾರು 0.7 ಬಾರ್ ಇರಬೇಕೆಂಬ ರೂಢಿಯ ಲೆಕ್ಕ ಸ್ಥೂಲವಾಗಿ ನೆರವಾಗುತ್ತದೆ. ಅದರ ಜೊತೆಗೆ ಹಳೆಯ ಫಿಲ್ಟರನ್ನು ಕತ್ತರಿಸಿ ಒಳಗಿನ ಕಾಗದವನ್ನು ಬಿಡಿಸಿ ನೋಡಬೇಕು. ಅಯಸ್ಕಾಂತಕ್ಕೆ ಅಂಟದ ಹೊಳಪಿನ ಚೂರುಗಳು, ಅದರಲ್ಲೂ ತಾಮ್ರದ ಬಣ್ಣದವು ಕಂಡರೆ, ಬೇರಿಂಗ್ ಪದರ ಕಿತ್ತುಬರುತ್ತಿದೆ. ಆಗ ವಾಹನವನ್ನು ಓಡಿಸದೆ ಎಳೆಸಿಕೊಂಡೇ ವರ್ಕ್‌ಶಾಪಿಗೆ ಒಯ್ಯಬೇಕು, ಸಂಪ್ ಇಳಿಸಿ ಆಯಿಲ್ ಎಳೆಯುವ ಜಾಲರಿ ಕೆಸರಿನಿಂದ ಮುಚ್ಚಿಕೊಂಡಿದೆಯೇ ಎಂದೂ ನೋಡಿಸಬೇಕು. ದಪ್ಪ ಆಯಿಲ್ ಅಥವಾ ಸದ್ದಡಗಿಸುವ ಔಷಧಿಗಳನ್ನು ಸುರಿಯುವುದು ರೋಗವನ್ನು ಮುಚ್ಚಿಡುತ್ತದೆಯೇ ಹೊರತು ಗುಣಪಡಿಸುವುದಿಲ್ಲ.

ಡೀಸೆಲ್ ಎಂಜಿನ್ನಿನ ವಿಷಯ ಸ್ವಲ್ಪ ಬೇರೆ. ತಣ್ಣನೆಯ ಗೋಡೆಗಳು ಗಾಳಿಯ ಶಾಖವನ್ನು ಹೀರಿಕೊಳ್ಳುವುದರಿಂದ ಇಂಧನ ಹೊತ್ತಿಕೊಳ್ಳುವುದು ಕ್ಷಣಕಾಲ ತಡವಾಗಿ, ಸೇರಿಕೊಂಡ ಇಂಧನವೆಲ್ಲ ಒಮ್ಮೆಲೇ ಉರಿದು ಬಡಿತ ಕೇಳುತ್ತದೆ. ಮೊದಲ ಒಂದೆರಡು ನಿಮಿಷ ಎಲ್ಲ ಸಿಲಿಂಡರ್‌ಗಳಿಂದಲೂ ಸಮವಾಗಿ ಬರುವ ಇಂಥ ಸದ್ದು ಸಹಜ. ಬಿಳಿ ಹೊಗೆಯೂ ನಡುಕವೂ ಕೂಡಿದ್ದರೆ ಸಿಲಿಂಡರಿನ ಒಳಭಾಗವನ್ನು ಬಿಸಿಮಾಡುವ ಗ್ಲೋ ಪ್ಲಗ್‌ಗಳನ್ನು, ಒಂದೇ ಸಿಲಿಂಡರ್ ಎದ್ದು ಬಡಿಯುತ್ತಿದ್ದರೆ ಅದರ ಇಂಜೆಕ್ಟರನ್ನು ಪರೀಕ್ಷಿಸಬೇಕು. ಪೆಟ್ರೋಲ್ ಎಂಜಿನ್ನಿನಲ್ಲಿ ಏರು ಹತ್ತುವಾಗ ಕೇಳುವ ಕಟಕಟ ಸದ್ದು ಅಕಾಲ ದಹನದ್ದು. ಅದಕ್ಕೂ ಸ್ಟಾರ್ಟ್ ಸಮಯದ ಬಡಿತಕ್ಕೂ ಸಂಬಂಧವಿಲ್ಲದ್ದರಿಂದ, ಹೆಚ್ಚು ಆಕ್ಟೇನಿನ ಇಂಧನ ಹಾಕಿಸಿ ಕಾಯುವುದು ವ್ಯರ್ಥ.

ಎಂಜಿನ್ನಿನ ಹೊರಗಿನ ವಸ್ತುಗಳನ್ನೂ ಮರೆಯಬಾರದು. ಸಡಿಲವಾದ ಹೀಟ್ ಶೀಲ್ಡ್, ಆಲ್ಟರ್ನೇಟರಿನ ಪುಲ್ಲಿ, ಬೆಲ್ಟಿನ ಟೆನ್ಷನರ್ ಇವೆಲ್ಲ ಎಂಜಿನ್ ಬಡಿತದಂತೆಯೇ ಕೇಳಿಸಬಲ್ಲವು. ಬೆಲ್ಟ್ ಕಳಚಿ ಅರ್ಧ ನಿಮಿಷ ಮಾತ್ರ ಓಡಿಸಿದಾಗ ಸದ್ದು ಇಲ್ಲವಾದರೆ ಮೂಲ ಅಲ್ಲಿದೆ. ವಾಟರ್ ಪಂಪ್ ಅದೇ ಬೆಲ್ಟಿನಿಂದ ತಿರುಗುವ ವಾಹನಗಳಲ್ಲಿ ಅದಕ್ಕಿಂತ ಹೆಚ್ಚು ಹೊತ್ತು ಓಡಿಸಕೂಡದು. ಕ್ಲಚ್ ಒತ್ತಿದಾಗ ಸದ್ದು ಬದಲಾದರೆ ಕ್ಲಚ್, ಫ್ಲೈವೀಲ್ ಅಥವಾ ಗೇರ್‌ಬಾಕ್ಸ್ ಕಡೆ ನೋಡಬೇಕು. ಸ್ಟಾರ್ಟ್ ಆಗುವಾಗಲೂ ಆಫ್ ಆಗುವಾಗಲೂ ಒಂದೊಂದು ಧಡ್ ಎಂಬ ಸದ್ದು ಮಾತ್ರ ಬಂದರೆ ಎಂಜಿನ್ನನ್ನು ವಾಹನಕ್ಕೆ ಹಿಡಿದಿಡುವ ಮೌಂಟ್ ಸವೆದಿರುತ್ತದೆ.

ವರ್ಕ್‌ಶಾಪಿಗೆ ಒಯ್ಯುವುದೆಂದಾದರೆ, ಧ್ವನಿಮುದ್ರಣದ ಜೊತೆಗೆ ಸದ್ದು ಇದ್ದ ಅವಧಿ, ಕೆಂಪು ದೀಪ ಆರಲು ಹಿಡಿದ ಸಮಯ, ಆಯಿಲ್ ಮಟ್ಟ, ಕೊನೆಯ ಸರ್ವಿಸ್‌ನ ವಿವರ ಇವಿಷ್ಟನ್ನೂ ಬರೆದುಕೊಡಿ. ಬೆಳಿಗ್ಗೆ ಓಡಿಸಿಕೊಂಡು ಹೋದರೆ ಅಲ್ಲಿ ತಲುಪುವಷ್ಟರಲ್ಲಿ ಎಂಜಿನ್ ಬಿಸಿಯಾಗಿ ಸದ್ದು ಅಡಗಿರುತ್ತದೆ. ಆದ್ದರಿಂದ ವಾಹನವನ್ನು ಹಿಂದಿನ ಸಂಜೆಯೇ ಅಲ್ಲಿ ಬಿಟ್ಟು, ಮರುದಿನದ ಮೊದಲ ಸ್ಟಾರ್ಟ್ ಅನ್ನು ಮೆಕ್ಯಾನಿಕ್ ಸ್ವತಃ ಬಾನೆಟ್ ತೆರೆದು ಆಲಿಸುವಂತೆ ಮೊದಲೇ ಕೇಳಿಕೊಳ್ಳಬೇಕು.