ತಾರೀಖು ನಮ್ಮದಲ್ಲ, ಬಿಲ್ಲು ಬರುವ ದಿನವನ್ನಾದರೂ ಹಿಡಿಯಬಹುದು

ಹಾವೇರಿ ಕಡೆ ಒಂದು ಸಣ್ಣ ಊರಲ್ಲಿ ಟ್ಯಾಕ್ಸ್ ಕನ್ಸಲ್ಟೆಂಟ್ ಆಗಿದ್ದೇನೆ. ಹಾರ್ಡ್‌ವೇರ್, ಗೊಬ್ಬರ, ಬಟ್ಟೆ ಅಂಗಡಿಯವರು, ಒಂದಿಬ್ಬರು ಕಂಟ್ರಾಕ್ಟರ್‌ಗಳು, ಇವರೇ ನನ್ನ ಪಾರ್ಟಿಗಳು. ಪ್ರತಿ ತಿಂಗಳು 7ಕ್ಕೆ ಟಿಡಿಎಸ್ (ದುಡ್ಡು ಕೊಡುವಾಗಲೇ ಹಿಡಿದಿಟ್ಟ ತೆರಿಗೆ) ಕಟ್ಟಬೇಕು, 11ಕ್ಕೆ ಜಿಎಸ್‌ಟಿಆರ್-1 (ಮಾರಾಟದ ಬಿಲ್ಲುಗಳ ವಿವರ), 15ಕ್ಕೆ ನೌಕರರ ಪಿಎಫ್, ಇಎಸ್‌ಐ, 20ಕ್ಕೆ 3ಬಿ (ತಿಂಗಳ ಲೆಕ್ಕ ಕೊಟ್ಟು ಜಿಎಸ್‌ಟಿ ಕಟ್ಟುವ ರಿಟರ್ನ್). 3ಬಿ ತಪ್ಪಿದರೆ ದಿನಕ್ಕೆ 50 ರೂಪಾಯಿ ಲೇಟ್ ಫೀ. ವ್ಯವಹಾರವೇ ಇಲ್ಲದಿದ್ದರೂ 20.

ಎಲ್ಲ ಕಾಗದ ಕೈಯಲ್ಲಿದ್ದರೆ ಒಂದು ಅಂಗಡಿಯ ಕೆಲಸ ಬೇಗ ಮುಗಿಯುತ್ತದೆ. ಹೊತ್ತು ಹೋಗುವುದೆಲ್ಲ ಕಾಯುವುದರಲ್ಲೇ. ಬಿಲ್ಲಿಗೆ ಕಾಯಬೇಕು, ದುಡ್ಡಿಗೆ ಕಾಯಬೇಕು, ಕೊನೆಗೆ ಒಟಿಪಿಗೂ ಕಾಯಬೇಕು. ಹಾಗಾಗಿ ನಾನು ಕೈ ಹಾಕಿದ್ದು ಅಲ್ಲಿಗೇ.

ಬಿಲ್ಲುಗಳು 5ರೊಳಗೆ ಬರಬೇಕು ಅಂತ ಮಾಡಿದೆ. ಸುಮ್ನೆ ಹೇಳಿದರೆ ಯಾರೂ ಕೇಳುವುದಿಲ್ಲ. ಲೇಟ್ ಫೀ ಹೆಸರು ಹೇಳಿದರೆ "ನೋಡೋಣ ಬಿಡಿ ಸಾರ್" ಅಂತಾರೆ. ಆದರೆ ಬಿಲ್ಲು ಏರಿಸುವುದು 11 ದಾಟಿದರೆ ಅವರಿಂದ ಮಾಲು ತಗೊಂಡ ವ್ಯಾಪಾರಿಗೆ 14ರಂದು ಬರುವ 2ಬಿಯಲ್ಲಿ (ಅವನ ಖರೀದಿ ಬಿಲ್ಲುಗಳ ಪಟ್ಟಿ) ಆ ಬಿಲ್ಲು ಕಾಣುವುದಿಲ್ಲ. ಆ ತಿಂಗಳ ಇನ್‌ಪುಟ್, ಅಂದರೆ ಖರೀದಿಯಲ್ಲಿ ಕೊಟ್ಟ ತೆರಿಗೆಯ ವಜಾ, ಅವನಿಗೆ ಸಿಗುವುದಿಲ್ಲ, ಅವನು ನೇರ ಅಂಗಡಿಗೇ ಫೋನ್ ಹಚ್ಚಿ ಜಗಳ ತೆಗೆಯುತ್ತಾನೆ. ಇದನ್ನು ಬಿಡಿಸಿ ಹೇಳಿದ ಮೇಲೆ ಬಿಲ್ ಬುಕ್ ತಾನಾಗೇ ಬರತೊಡಗಿತು. ದಂಡಕ್ಕಿಂತ ಗಿರಾಕಿ ತಪ್ಪುವ ಹೆದರಿಕೆ ಜಾಸ್ತಿ ಅಲ್ವಾ?

ಒಟಿಪಿ ಕಥೆಯೇ ಬೇರೆ. ರಿಟರ್ನ್ ಪೂರ್ತಿ ರೆಡಿ, ಮಾಲೀಕರ ಮೊಬೈಲಿಗೆ ಬಂದ ಆರು ಅಂಕಿ ಬೇಕು, ಅಷ್ಟೇ. ಬೆಳಿಗ್ಗೆ ಫೋನ್ ಮಾಡಿದರೆ, "ಸಾರ್, ಕೌಂಟರಲ್ಲಿ ಜನ ನಿಂತಾರೆ, ಆಮೇಲೆ ಹೇಳ್ತೀನಿ." ಆ 'ಆಮೇಲೆ' ಸಂಜೆಯಾದರೂ ಬರುವುದಿಲ್ಲ. ಈಗ ಬೆಳಿಗ್ಗೆಯೆಲ್ಲ ಬರೀ ಎಂಟ್ರಿ ಮತ್ತು ತಾಳೆ ನೋಡುವುದು. ಫೈಲಿಂಗ್ ಏನಿದ್ದರೂ ಊಟದ ನಂತರ, ಅಂಗಡಿ ಖಾಲಿ ಇರುವ ಹೊತ್ತಲ್ಲಿ. ಒಬ್ಬರಾದ ಮೇಲೊಬ್ಬರಿಗೆ ಫೋನ್ ಮಾಡಿ ಮುಗಿಸುತ್ತೇನೆ.

3ಬಿಗೆ ನಮ್ಮ ಆಫೀಸಿನ ಕೊನೆಯ ದಿನ 17. 20ರ ಸಂಜೆ ಜಿಎಸ್‌ಟಿ ಪೋರ್ಟಲ್ ತಿರುಗುತ್ತಾ ಕೂರುವುದನ್ನು ನೋಡಿದವರಿಗೆ ಕಾರಣ ಹೇಳಬೇಕಿಲ್ಲ.

ವಹಿವಾಟು 5 ಕೋಟಿಯೊಳಗಿದ್ದು, ಗಿರಾಕಿಗಳೆಲ್ಲ ಬಿಡಿ ಜನರೇ ಆಗಿದ್ದರೆ ಅಂಥವರನ್ನು ಕ್ಯೂಆರ್‌ಎಂಪಿ ಎಂಬ ಜಿಎಸ್‌ಟಿ ಯೋಜನೆಗೆ ಹಾಕಿದೆ. ರಿಟರ್ನ್ ಮೂರು ತಿಂಗಳಿಗೊಮ್ಮೆ, ನಡುವಿನ ಎರಡು ತಿಂಗಳು 25ರೊಳಗೆ ಚಲನ್ ಕಟ್ಟಿದರೆ ಸಾಕು. ವ್ಯಾಪಾರಿಗಳಿಗೇ ಮಾರುವವರನ್ನು ಮಾತ್ರ ತಿಂಗಳ ಲೆಕ್ಕದಲ್ಲೇ ಇಟ್ಟಿದ್ದೇನೆ. ಅವರ ಬಿಲ್ಲನ್ನು ಹೇಗೂ ಪ್ರತಿ ತಿಂಗಳು ಏರಿಸಲೇಬೇಕು, ಹಾಗಾಗಿ ಆ ಯೋಜನೆಗೆ ಹಾಕಿದರೂ ಕೆಲಸ ಅಷ್ಟೇನೂ ಕಡಿಮೆಯಾಗುವುದಿಲ್ಲ.

ಹೊಸ ಪಾರ್ಟಿ ಬಂದರೆ ಮೊದಲು ಕೇಳುವುದು, ಪೋರ್ಟಲ್‌ನಲ್ಲಿರುವ, ಒಟಿಪಿ ಹೋಗುವ ಮೊಬೈಲ್ ನಂಬರ್ ಯಾರದ್ದು ಅಂತ. ಎಷ್ಟೋ ಸಲ ಅದು ಹಳೇ ಕನ್ಸಲ್ಟೆಂಟರದ್ದು, ಇಲ್ಲವೇ ಬೆಂಗಳೂರಲ್ಲಿರುವ ಮಗನದ್ದು. ನಂಬರ್ ಬದಲಿಸುವುದು ನಾನ್-ಕೋರ್ (ಸಣ್ಣಪುಟ್ಟ) ತಿದ್ದುಪಡಿ, ಅಧಿಕಾರಿಯ ಒಪ್ಪಿಗೆ ಬೇಕಿಲ್ಲ. ಅವರನ್ನು ಎದುರಿಗೆ ಕೂರಿಸಿಕೊಂಡು ಅವತ್ತೇ ಬದಲಿಸಿ ಕಳಿಸುತ್ತೇನೆ.