ಇಳಿತ ಹಿಡಿದು ತದಡಿಗೆ: ಅಘನಾಶಿನಿಯಲ್ಲಿ ಒಂದು ರಾತ್ರಿಯ ಪಾತಿ ಪಯಣ

ಇಂಜಿನ್ ಇಲ್ಲದ ಮರದ ಪಾತಿಯಲ್ಲಿ, ಅಂದರೆ ಚಿಕ್ಕ ದೋಣಿಯಲ್ಲಿ, ನಾಲ್ಕು ಜನ ಕುಳಿತು, ಉತ್ತರ ಕನ್ನಡದ ಅಘನಾಶಿನಿ ಹೊಳೆಯಲ್ಲಿ ಉಪ್ಪಿನಪಟ್ಟಣದಿಂದ ಕಡಲ ಬಾಯಿಯ ತದಡಿಯವರೆಗಿನ ಸುಮಾರು 25 ಕಿ.ಮೀ. ದಾರಿಯನ್ನು ಒಂದೇ ಇಳಿತದಲ್ಲಿ, ಅಂದರೆ ಉಬ್ಬರದ ನೀರು ಒಮ್ಮೆ ಕಡಲಿಗೆ ಇಳಿದು ಮುಗಿಯುವಷ್ಟರಲ್ಲಿ, ಮುಗಿಸಬಹುದು ಎಂದು ನಾನು ಹೇಳಿದಾಗ ನಂಬಿದವರು ಯಾರೂ ಇರಲಿಲ್ಲ. ದೋಣಿ ಕೊಟ್ಟ ಹಿರಿಯರಂತೂ "ತಮಾ, ಅದು ಆಗೂ ಮಾತಲ್ಲ, ಅರ್ಧ ದಾರಿಗೆ ನೀರು ತಿರುಗ್ತದೆ" ಎಂದು ಹೇಳಿ, ಬಾಡಿಗೆಯನ್ನು ಮಾತ್ರ ಮುಂಗಡವಾಗಿಯೇ ಎಣಿಸಿಕೊಂಡರು. ಕಳೆದ ಚಳಿಗಾಲದಲ್ಲಿ, ಹುಣ್ಣಿಮೆ ಕಳೆದ ಬಿದಿಗೆಯ ರಾತ್ರಿ, ನಾವು ಅದನ್ನು ಮಾಡಿ ಮುಗಿಸಿದೆವು. ಉಬ್ಬರ, ಇಳಿತ, ಹುಟ್ಟು, ಜೀವರಕ್ಷಕ ಜಾಕೀಟುಗಳ ಪ್ರಾಥಮಿಕ ಪಾಠ ಇದನ್ನು ಓದುವವರಿಗೆ ಬೇಕಿಲ್ಲವಾದ್ದರಿಂದ ಅದನ್ನು ಬಿಟ್ಟು, ಹಿಂದಿನ ಪ್ರಯತ್ನಗಳು ಏಕೆ ಕೆಟ್ಟವು, ಈ ಸಲ ಏನು ಬದಲಾಯಿತು ಎಂಬುದನ್ನಷ್ಟೇ ಬರೆಯುತ್ತೇನೆ.

ಮೊದಲು ನಾವೂ ಎಲ್ಲರಂತೆ ಹಗಲಿನಲ್ಲಿಯೇ ಇಳಿಯುತ್ತಿದ್ದೆವು. ಮಧ್ಯಾಹ್ನದ ಉಬ್ಬರ ತುಂಬಿ ನೀರು ಇಳಿಯತೊಡಗುವ ಹೊತ್ತಿಗೆ ಕಡಲ ಗಾಳಿಯೂ ಏಳುತ್ತದೆ. ಹೆದ್ದಾರಿಯ ಸೇತುವೆ ದಾಟಿ ಹೊಳೆ ಅಗಲವಾಗುವಲ್ಲಿ ಪಡುವಣ ಗಾಳಿ ಮೇಲಕ್ಕೂ ಇಳಿಯುವ ನೀರು ಕೆಳಕ್ಕೂ ಎಳೆದಾಡಿ, ಗಿಡ್ಡನೆಯ ಕಡಿದಾದ ಅಲೆಗಳು ಏಳುತ್ತವೆ. ಅಂಚು ಗಿಡ್ಡವಿರುವ ಪಾತಿಗೆ ಅವು ಸಾಲುಸಾಲಾಗಿ ನೀರು ತುಂಬುತ್ತವೆ. ಒಂದು ಸಲ ಹೆಗಡೆ ಊರಿನ ಎದುರಿನ ಕೆಸರುದಿಬ್ಬದ ಮೇಲೆ ಕುಳಿತುಬಿಟ್ಟ ದೋಣಿಯನ್ನು, ಯಾರದೋ ಇಂಜಿನ್ ದೋಣಿಗೆ 800 ರೂಪಾಯಿ ಕೊಟ್ಟು ಎಳೆಸಿಕೊಂಡು ಬರಬೇಕಾಯಿತು. ಸೆಳೆತ ಕಡಿಮೆ ಇದ್ದರೆ ಅಪಾಯವೂ ಕಡಿಮೆ ಎಂಬ ಗೆಳೆಯನೊಬ್ಬನ ಸಲಹೆಯಂತೆ, ಉಬ್ಬರ ಇಳಿತ ಸಣ್ಣದಿರುವ ಅಷ್ಟಮಿಯ ಸುಮಾರಿಗೂ ಹೋಗಿ ನೋಡಿದೆವು. ಆಗ ಅಪಾಯವಿರಲಿಲ್ಲ, ಸೆಳೆತವೂ ಇರಲಿಲ್ಲ, 25 ಕಿ.ಮೀ. ಪೂರ್ತಿ ನಮ್ಮ ರಟ್ಟೆಯ ಮೇಲೆಯೇ ಬಿತ್ತು, ಮಿರ್ಜಾನಿನಲ್ಲಿ ಕೈಚೆಲ್ಲಿ ಬಸ್ಸು ಹತ್ತಿದೆವು.

ಚಳಿಗಾಲದ ರಾತ್ರಿಯಲ್ಲಿ ಇದೆಲ್ಲ ತಲೆಕೆಳಗಾಗುತ್ತದೆ. ಹತ್ತು ಗಂಟೆಯ ನಂತರ ಘಟ್ಟದ ಕಡೆಯಿಂದ ತಣ್ಣನೆಯ ಗಾಳಿ ಇಳಿಯುತ್ತದೆ, ಅದು ನಮ್ಮ ಬೆನ್ನಿಗೇ ಬೀಸುತ್ತದೆ. ನಮ್ಮ ಕರಾವಳಿಯಲ್ಲಿ ದಿನದ ಎರಡು ಉಬ್ಬರಗಳು ಸಮನಲ್ಲ. ಚಳಿಗಾಲದಲ್ಲಿ ರಾತ್ರಿಯದೇ ತುಸು ದೊಡ್ಡದು. ಬಿದಿಗೆಯ ದಿನ ತದಡಿಯ ಬಾಯಲ್ಲಿ ರಾತ್ರಿ ಒಂದರ ಆಸುಪಾಸಿಗೆ ನೀರು ತುಂಬಿ, ಬೆಳಿಗ್ಗೆ ಏಳರ ಹೊತ್ತಿಗೆ ಪೂರ್ತಿ ಇಳಿದಿರುತ್ತದೆ. ಚಂದ್ರನೂ ಒಂದೂವರೆಗೆ ನೆತ್ತಿಯ ಮೇಲಿರುವುದರಿಂದ ಟಾರ್ಚಿನ ಗೊಡವೆ ಇಲ್ಲ.

ಆದರೂ ರಾತ್ರಿಯ ಮೊದಲ ಪ್ರಯತ್ನ ಕೆಟ್ಟಿತು. ಕಾರಣ ಸರಳ. ಉಪ್ಪಿನಪಟ್ಟಣದಲ್ಲಿ ನೀರು ತಿರುಗುವುದು ತದಡಿಗಿಂತ ಒಂದು, ಒಂದೂವರೆ ತಾಸು ತಡ. ಮೇಲೆ ಇಳಿತ ಚೆನ್ನಾಗಿ ಹಿಡಿಯಲಿ ಎಂದು ಕಾಯುತ್ತ ಕುಳಿತರೆ, ಕೆಳಗೆ ಕಡಲ ಬಾಯಲ್ಲಿ ಅಷ್ಟೇ ಹೊತ್ತು ಇಳಿತ ಆಗಲೇ ಕರಗಿರುತ್ತದೆ. ನಾವು ಕೆಳಗೆ ಹೋದಷ್ಟೂ ಮುಂದಿನ ಉಬ್ಬರ ನಮಗೆದುರಾಗಿ ಬೇಗನೆ ಬರುತ್ತದೆ. ಹೊಳೆಯ ಮೇಲಕ್ಕೆ ಹೋಗುವವನಿಗೆ ಉಬ್ಬರ ಜೊತೆಗೇ ಬರುತ್ತದೆ, ಕೆಳಗೆ ಇಳಿಯುವವನಿಗೆ ಇಳಿತ ಮೊಟಕಾಗುತ್ತದೆ. ದೋಣಿಯ ಹಿರಿಯರು ಹೇಳಿದ್ದು ಇದನ್ನೇ, ಅವರ ಮಾತು ಸುಳ್ಳಲ್ಲ. ಆದರೆ ಅವರು ಇಳಿತ ಶುರುವಾದ ಮೇಲೆ ಹಗ್ಗ ಬಿಚ್ಚುವ ಲೆಕ್ಕದಲ್ಲಿದ್ದರು. ನಾನು ಉಬ್ಬರದ ಕೊನೆಯಲ್ಲಿ, ನೀರು ಇನ್ನೂ ಮೇಲಕ್ಕೆ ಬರುತ್ತಿರುವಾಗಲೇ, ಹಗ್ಗ ಬಿಚ್ಚಿದೆ. ಆ ಹೊತ್ತಿನ ಉಬ್ಬರಕ್ಕೆ ಕಸುವು ಇರುವುದಿಲ್ಲ. ಮೂರು ನಾಲ್ಕು ಕಿ.ಮೀ. ಅದರ ವಿರುದ್ಧ ಹುಟ್ಟು ಹಾಕಿದರೆ, ಕೆಳಗಿನಿಂದ ಬರುವ ನೀರಿನ ತಿರುವು ನಮ್ಮನ್ನು ದಾರಿಯಲ್ಲಿಯೇ ಸಂಧಿಸುತ್ತದೆ, ಅಲ್ಲಿಂದ ಮುಂದಿನದು ಪೂರ್ತಿ ಇಳಿತ. ಎಷ್ಟು ಹೊತ್ತು ಮುಂಚೆ ಬಿಚ್ಚಬೇಕು ಎಂಬ ನನ್ನ ಲೆಕ್ಕವನ್ನು ಇಲ್ಲಿ ಕೊಡುವುದಿಲ್ಲ. ದಡದ ಕಂಬವೊಂದರ ಬುಡದಲ್ಲಿ ನೊರೆಯ ಗೆರೆ ಮೇಲ್ದಿಕ್ಕಿಗೆ ಬಾಲದಂತೆ ಚಾಚಿದ್ದು, ನಿಧಾನವಾಗಿ ಗಿಡ್ಡವಾಗುತ್ತ ಬರುವುದನ್ನು ಗಮನಿಸುವವರಿಗೆ ಅದು ತಾನಾಗಿ ತಿಳಿಯುತ್ತದೆ.

ಅಘನಾಶಿನಿಯನ್ನೇ ಆರಿಸಿದ್ದಕ್ಕೂ ಕಾರಣವಿದೆ. ಇದರ ಮೇಲೆ ಅಣೆಕಟ್ಟು ಇಲ್ಲ, ಹಾಗಾಗಿ ಪಂಚಾಂಗದ ಲೆಕ್ಕ ಕೆಡುವುದಿಲ್ಲ. ಇದೇ ಉಪಾಯವನ್ನು ಶರಾವತಿಯಲ್ಲಿ ಗೇರುಸೊಪ್ಪೆಯಿಂದ ಹೊನ್ನಾವರಕ್ಕೆ ನಡೆಸಲು ಹೋಗಿ ನೋಡಿದ್ದೇನೆ. ಅಲ್ಲಿ ವಿದ್ಯುತ್ತಿಗಾಗಿ ನೀರು ಬಿಟ್ಟ ಹೊತ್ತು ಒಂದು ಥರ, ಬಿಡದ ಹೊತ್ತು ಇನ್ನೊಂದು ಥರ. ನೀರು ಬಿಟ್ಟರೆ ಇಳಿಯುವವರಿಗೆ ಲಾಭವೇ, ಆದರೆ ಯಾವಾಗ ಎಂದು ಮೊದಲೇ ತಿಳಿಯದ ಲಾಭವನ್ನು ನೆಚ್ಚಿ ಮಧ್ಯರಾತ್ರಿ ದೋಣಿ ನೂಕಲಾಗದು.

ದೋಣಿಯನ್ನು ಮೇಲಕ್ಕೆ ಸಾಗಿಸುವುದೇ ಮೊದಲೆಲ್ಲ ದೊಡ್ಡ ಖರ್ಚಾಗಿತ್ತು; ಗೂಡ್ಸ್ ಟೆಂಪೋಕ್ಕೆ ಎರಡೂವರೆ ಸಾವಿರ, ಏರಿಸಿ ಇಳಿಸುವವರಿಗೆ ಬೇರೆ. ಈ ಸಲ ಬೆಳಗಿನ ಉಬ್ಬರದ ಜೊತೆಗೇ ತದಡಿಯಿಂದ ಮೇಲಕ್ಕೆ ಹೋದೆವು, ಹನ್ನೊಂದರ ಮೇಲೆ ಕಡಲ ಗಾಳಿಯೂ ಬೆನ್ನಿಗೆ ಬಂದಿತು, ಟೆಂಪೋದ ಹಣ ಉಳಿಯಿತು. ಮಧ್ಯಾಹ್ನ ಎರಡಕ್ಕೆ ಉಪ್ಪಿನಪಟ್ಟಣ ತಲುಪಿ, ಗಂಜಿ ಬೇಯಿಸಿ, ಒಣಸೀಗಡಿಯ ಚಟ್ನಿಯೊಂದಿಗೆ ಉಂಡು, ಸಂಜೆಯೇ ಮಲಗಿದೆವು. 2024ರಲ್ಲಿ ಈ ಅಳಿವೆ ಅಂತರರಾಷ್ಟ್ರೀಯ ಮಹತ್ವದ ಜೌಗುಭೂಮಿಗಳ ರಾಮ್‌ಸರ್ ಪಟ್ಟಿಗೆ ಸೇರಿದೆ. ಸೇರಿರಲಿ ಬಿಡಲಿ, ದಡದ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ ಗಿಡ ಕಡಿದು ಒಲೆ ಹೂಡುವವರನ್ನು ನಾನು ದೋಣಿಗೆ ಹತ್ತಿಸುವುದಿಲ್ಲ. ಚಿಕ್ಕ ಗ್ಯಾಸ್ ಒಲೆ ಜೊತೆಗಿರುತ್ತದೆ.

ನಡುವೆ ಮಾಡಿದ ಒಂದೆರಡು ಪ್ರಯೋಗಗಳನ್ನೂ ಹೇಳಬೇಕು. ಪಾತಿ ಮಗುಚದಿರಲೆಂದು ನಾಲ್ಕಿಂಚಿನ ಪಿವಿಸಿ ಪೈಪಿನ ಎರಡೂ ತುದಿ ಮುಚ್ಚಿ, ಬಿದಿರಿನಿಂದ ಒಂದು ಪಕ್ಕಕ್ಕೆ ಕಟ್ಟಿದ್ದೆ. ಸುಮಾರು 1,400 ರೂಪಾಯಿ ಹೋಯಿತು. ಸ್ಥಿರತೆ ಬಂದಿದ್ದು ನಿಜ, ಆದರೆ ಬಲೆ ಕಟ್ಟುವ ಕಂಬಗಳ ನಡುವೆ ಅದು ಪದೇಪದೇ ಸಿಕ್ಕಿಕೊಂಡಿದ್ದರಿಂದ ಬಿಚ್ಚಿಟ್ಟೆ. ಟಾರ್ಪಾಲಿನ ಹಾಯಿ ಮಾತ್ರ ಫಲ ಕೊಟ್ಟಿತು: ಎರಡು ಬಿದಿರುಗಳಿಗೆ ಕಟ್ಟಿ ಎದುರಿನವನ ಕೈಗೆ ಕೊಟ್ಟರೆ, ಸೇತುವೆಯ ಕೆಳಗಿನ ನೇರ ಹರವಿನಲ್ಲಿ ಇಬ್ಬರು ಹುಟ್ಟು ಬಿಟ್ಟು ಚಹಾ ಕುಡಿಯಬಹುದು. ಒಡಲಿಗೆ ಗೇರುಸಿಪ್ಪೆಯ ಎಣ್ಣೆ ಬಳಿಸಿದ ಖರ್ಚು ನನ್ನದೇ, ಮುನ್ನೂರು ನಾನ್ನೂರು. ಅದರಿಂದ ನೀರು ಜಿನುಗುವುದು ನಿಂತಿತು, ಎರಡು ದಿನ ಅಂಗೈ ತುರಿಸಿತು.

ರಾತ್ರಿ ಇಳಿಯುವವರಿಗೆ ನಿಜವಾದ ತೊಂದರೆ ಬಲೆಗಳು. ಇಳಿತಕ್ಕೆಂದೇ ಬಾಯಿ ತೆರೆದು ಕಟ್ಟಿದ ಬಲೆಗೆ ದೋಣಿ ನುಗ್ಗಿದರೆ ನಮಗೂ ಕೇಡು, ಬಲೆಯವನ ಆ ದಿನದ ದುಡಿಮೆಗೂ ಕೇಡು. ಹಾಗಾಗಿ ಮೇಲೆ ಹೋಗುವಾಗಲೇ ಸಿಕ್ಕವರನ್ನೆಲ್ಲ ಕೇಳಿ, ಯಾವ ಕಂಬಸಾಲಿಗೆ ಯಾವ ಪಕ್ಕದಲ್ಲಿ ದಾರಿ ಎಂದು ಗುರುತು ಹಾಕಿಕೊಂಡಿದ್ದೆವು. ಐಗಳಕುರ್ವೆ ನಡುಗಡ್ಡೆಯ ಸುತ್ತ ನೀರು ಇಳಿದ ಮೇಲೆ ಕೆಸರು ಬಯಲಾಗುತ್ತದೆ. ಅಲ್ಲಿ ನಾವು ಹಿಡಿದ ಓಣಿಯನ್ನು ತೋರಿಸಿದವರಿಗೆ ಕೊಟ್ಟ ಮಾತಿನಂತೆ ಬರೆಯುವುದಿಲ್ಲ.

ರಾತ್ರಿ ಒಂದರ ಸುಮಾರಿಗೆ ಹೊರಟವರು ಬೆಳಿಗ್ಗೆ ಆರೂವರೆಗೆ ತದಡಿಯ ಮೀನುಗಾರಿಕಾ ಬಂದರಿನ ಪಕ್ಕ ದೋಣಿ ಕಟ್ಟಿದೆವು, ಇಳಿತ ಇನ್ನೂ ಅರ್ಧ ತಾಸು ಬಾಕಿಯಿತ್ತು. ದೋಣಿಯ ಬಾಡಿಗೆ 1,500, ಅಕ್ಕಿ, ಸೀಗಡಿ, ಗ್ಯಾಸು, ಚಹಾ ಎಲ್ಲ ಸೇರಿ ಎಂಟುನೂರು, ಹೋಗಿಬರುವ ಬಸ್ಸಿನ ಖರ್ಚು ಬೇರೆ. ತಲೆಗೆ ಏಳುನೂರು ದಾಟಲಿಲ್ಲ, ಜಾಕೀಟುಗಳು ಹಳೆಯವೇ. ದೋಣಿಯ ಹಿರಿಯರು ಗಡಿಯಾರ ನೋಡಿದರು, ದೋಣಿಯ ತಳ ಮುಟ್ಟಿ ನೋಡಿದರು, ಇಂಜಿನ್ ಎಲ್ಲಿ ಬಚ್ಚಿಟ್ಟಿದ್ದೀರಿ ಎಂದು ಕೇಳಿದರು. ಮುಂದಿನ ಬಿದಿಗೆಗೆ ಅವರ ಮಗನೇ ನಮ್ಮೊಂದಿಗೆ ಬರುವವನಿದ್ದಾನೆ, ಬಾಡಿಗೆಯಲ್ಲಿ ಮಾತ್ರ ಒಂದು ರೂಪಾಯಿಯೂ ಇಳಿದಿಲ್ಲ.