ಐದು ವರ್ಷದ ನಾಯಿ ಮೋತಿಯನ್ನು ಮನೆಗೆ ತಂದದ್ದು

ರೊಟ್ಟಿ ಬಡಿಯುವ ಸದ್ದು ಕೇಳಿ ಮೋತಿ ಮೊದಲ ಸಲ ಮಂಚದ ಕೆಳಗಿನಿಂದ ಹೊರಗೆ ಬಂದ. ಅವನು ನಮ್ಮ ಮನೆಗೆ ಬಂದು ಅಂದಿಗೆ ಮೂರನೆಯ ದಿನ. ಅಲ್ಲಿಯವರೆಗೆ ಎಲ್ಲರೂ ಮಲಗಿದ ಮೇಲೆ ಎದ್ದು ನೀರು ಕುಡಿದು ಮತ್ತೆ ಒಳಗೆ ಸೇರುತ್ತಿದ್ದ. ಅಡುಗೆಮನೆಯಲ್ಲಿ ಅತ್ತೆ ಜೋಳದ ಹಿಟ್ಟು ನಾದಿ ಪಟಪಟ ಬಡಿಯತೊಡಗಿದ್ದೇ ತಡ, ಕಿವಿ ನಿಮಿರಿಸಿ, ಹೊಟ್ಟೆ ನೆಲಕ್ಕೆ ತಾಗುವಂತೆ ತೆವಳಿ ಬಂದು ಹೊಸ್ತಿಲ ಆಚೆಗೆ ಕುಳಿತ. ಒಳಗೆ ಕಾಲಿಡಲಿಲ್ಲ. ಹಳೆಯ ಮನೆಯಲ್ಲೂ ಅದೇ ಕಟ್ಟಳೆ ಇದ್ದಿರಬೇಕು. ನಾಯಿ ಬರುವುದನ್ನು ಒಪ್ಪದಿದ್ದ ಅತ್ತೆ ಆ ಹೊಸ್ತಿಲನ್ನೇ ನೋಡಿ, "ಸಂಸ್ಕಾರವಂತ" ಎಂದರು.

2023ರ ಫೆಬ್ರವರಿಯಲ್ಲಿ ಶಕ್ತಿನಗರದ ಪರಿಚಿತರೊಬ್ಬರಿಗೆ ದೂರದೂರಿಗೆ ವರ್ಗವಾಯಿತು. ಹೊಸ ಊರಿನ ಬಾಡಿಗೆ ಮನೆಯಲ್ಲಿ ನಾಯಿಗೆ ಅವಕಾಶವಿರಲಿಲ್ಲ. ರಾಯಚೂರಿನ ನಮ್ಮ ಮನೆಯಲ್ಲಿ ಆಗ ಒಂಬತ್ತರ ಮಗಳು, ಐದರ ಮಗ, ಚಿನ್ನಿ ಎಂಬ ಬೆಕ್ಕು, ಹಿತ್ತಿಲಲ್ಲಿ ಅತ್ತೆಯ ಐದು ಜವಾರಿ ಕೋಳಿಗಳು. ಮರಿಯನ್ನೇ ತನ್ನಿ, ಹೇಳಿದಂತೆ ಕೇಳುತ್ತದೆ ಎಂದು ಊರೆಲ್ಲ ಹೇಳಿತು. ಶಾಲೆಯಲ್ಲಿ ಪಾಠ ಮಾಡುವ ನಾನು ಎರಡು ಗಂಟೆಗೊಮ್ಮೆ ಮರಿಯನ್ನು ಹೊರಗೆ ಕರೆದೊಯ್ಯುವುದು ಆಗದ ಮಾತು. ಅಲ್ಲದೆ ಮರಿ ಮುಂದೆ ಎಂಥ ನಾಯಿಯಾಗುತ್ತದೆ ಎಂದು ಯಾರು ಹೇಳಬಲ್ಲರು? ಐದು ವರ್ಷದ ನಾಯಿ ಎಂಥದ್ದೆಂದು ಹೋಗಿ ನೋಡಬಹುದು.

ಮೂರು ಸಲ ಹೋಗಿ ನೋಡಿದೆ. ಮೊದಲ ಸಲ ಒಬ್ಬಳೇ, ಎರಡನೆಯ ಸಲ ಮಕ್ಕಳೊಂದಿಗೆ. ಮೂರನೆಯ ಸಲ ಅವರ ಓಣಿಯಲ್ಲಿ ಬೆಕ್ಕುಗಳು ತಿರುಗಾಡುವ ಸಂಜೆಯ ಹೊತ್ತು. ಉದ್ದ ಕಾಲು, ಸಪೂರ ಸೊಂಟ ನೋಡಿದರೆ ಮೈಯಲ್ಲಿ ಮುಧೋಳದ ರಕ್ತ ಸ್ವಲ್ಪ ಇದ್ದಂತಿತ್ತು. ಆ ತಳಿ ಮೂಸಿ ಹುಡುಕುವುದಕ್ಕಿಂತ ಕಣ್ಣಿಗೆ ಬಿದ್ದದ್ದರ ಬೆನ್ನು ಹತ್ತುವುದೇ ಹೆಚ್ಚು. ಬೆಕ್ಕನ್ನು ಕಂಡು ಮೈ ಸೆಟೆಸಿ ನಿಂತ, ಆದರೆ ಹೆಸರು ಕೂಗಿದಾಗ ತಿರುಗಿ ನೋಡಿದ. ಅಷ್ಟು ಸಾಕು ಎನಿಸಿತು.

ಕೇಳಲು ಮರೆತದ್ದು ಲಸಿಕೆಯ ಪುಸ್ತಕವನ್ನು. "ಎಲ್ಲ ಹಾಕಿಸಿದ್ದೇವೆ" ಎಂದರು, ನಂಬಿದೆ. ಸಾಮಾನು ಕಟ್ಟುವ ಗಡಿಬಿಡಿಯಲ್ಲಿ ಅದು ಎಲ್ಲೋ ಸೇರಿಹೋಗಿತ್ತು. ಇಲ್ಲಿಗೆ ಬಂದ ವಾರದೊಳಗೆ ಪಶುವೈದ್ಯರ ಬಳಿ ರೇಬೀಸ್ ಲಸಿಕೆ ಹಾಕಿಸಿದೆವು. ಆದರೆ ಅದು ಮೈಯಲ್ಲಿ ಕೆಲಸ ಮಾಡಲು ಕೆಲವು ವಾರ ಬೇಕು.

ನನ್ನ ದೊಡ್ಡ ತಪ್ಪು ಬೇರೆಯದೇ. ಮೊದಲ ವಾರ ಮೋತಿ ತಿನ್ನುತ್ತಿದ್ದಾಗ ಮಗ ಹೋಗಿ ಬೆನ್ನು ಸವರಿದ. ಮೋತಿ ಗುರುಗುಟ್ಟಿದ. ನಾನು ಮೋತಿಯನ್ನು ಗದರಿದೆ, ಮಗನನ್ನಲ್ಲ. ಮಾರನೆಯ ದಿನವೂ ಅದೇ ಕಥೆ. ಮೂರನೆಯ ದಿನದಿಂದ ಗುರುಗುಟ್ಟುವುದು ನಿಂತಿತು. ಪಾಠ ಕಲಿತ ಎಂದು ಬೀಗಿದೆ. ಅವನು ಕಲಿತದ್ದು ಮುನ್ಸೂಚನೆ ಕೊಡಬಾರದು ಎಂಬುದನ್ನು ಮಾತ್ರ. ಹದಿನೆಂಟನೆಯ ದಿನ, ಮಗ ತಟ್ಟೆಯತ್ತ ಬಗ್ಗಿದಾಗ, ಸದ್ದೇ ಇಲ್ಲದೆ ಮುಂಗೈಗೆ ಬಾಯಿ ಹಾಕಿದ. ರಕ್ತ ಬರಲಿಲ್ಲ, ಚರ್ಮ ಮಾತ್ರ ತರಚಿತ್ತು.

ಖಾರದ ಪುಡಿ ಹಚ್ಚಿ ಎಂದು ಪಕ್ಕದ ಮನೆಯವರು ಬಟ್ಟಲು ಹಿಡಿದು ಬಂದೇ ಬಿಟ್ಟರು. ನಾನು ಹುಡುಗನ ಕೈಯನ್ನು ನಲ್ಲಿಯ ಕೆಳಗೆ ಹಿಡಿದು, ಗಡಿಯಾರ ನೋಡಿಕೊಂಡು ಹದಿನೈದು ನಿಮಿಷ ಸಾಬೂನು ಹಚ್ಚಿ ತೊಳೆದೆ. ಅವನು ಅಳು ಮುಗಿಸಿ, ಕೈ ತಣ್ಣಗಾಯಿತು ಎಂದು ಗೊಣಗುವಷ್ಟು ಹೊತ್ತು. ಆಸ್ಪತ್ರೆಯಲ್ಲಿ ಅಂದೇ ಎರಡೂ ತೋಳಿಗೆ ಚುಚ್ಚಿದರು. ಆಮೇಲೆ ಮೂರನೆಯ, ಏಳನೆಯ, ಇಪ್ಪತ್ತೆಂಟನೆಯ ದಿನ. ರೇಬೀಸ್ ಲಕ್ಷಣ ಕಾಣುತ್ತದೆಯೇ ಎಂದು ಮೋತಿಯ ಮೇಲೆ ಹತ್ತು ದಿನ ಕಣ್ಣಿಟ್ಟೆವು. ಪುಸ್ತಕ ಕೈಯಲ್ಲಿದ್ದಿದ್ದರೆ ವೈದ್ಯರ ಪ್ರಶ್ನೆಗಳಿಗೆ ಅಷ್ಟು ತಡವರಿಸಬೇಕಾಗಿರಲಿಲ್ಲ.

ಆ ರಾತ್ರಿ ಮನೆಯವರು ಅವನನ್ನು ವಾಪಸು ಕಳಿಸೋಣ ಎಂದರು. ಎಲ್ಲಿಗೆ? ಮರುದಿನದಿಂದ ನಾಯಿಯನ್ನು ಬಿಟ್ಟು ಮಕ್ಕಳಿಗೆ ಕಲಿಸತೊಡಗಿದೆ. ತಟ್ಟೆ ಹಿಂದಿನ ವರಾಂಡದಲ್ಲಿ, ಬಾಗಿಲ ಚಿಲಕ ಹಾಕಿ. ಮಲಗಿದ್ದವನನ್ನು ಮುಟ್ಟುವಂತಿಲ್ಲ, ದೂರದಿಂದ ಹೆಸರು ಹೇಳಿ ಎಬ್ಬಿಸಬೇಕು. ಅಪ್ಪಿಕೊಳ್ಳುವುದಂತೂ ಬೇಡವೇ ಬೇಡ. ನಮಗೆ ಪ್ರೀತಿ ಎನಿಸುವುದು ನಾಯಿಗೆ ಕತ್ತು ಹಿಡಿದಂತೆ. ಅವನು ಮುಖ ತಿರುಗಿಸಿದರೆ, ನಿದ್ದೆ ಇಲ್ಲದೆ ಆಕಳಿಸಿದರೆ, ತಿಂಡಿ ಇಲ್ಲದೆ ತುಟಿ ನೆಕ್ಕಿದರೆ "ನನಗೆ ಸಾಕು" ಎಂದರ್ಥ. ಮಗಳು ಇದನ್ನು ಗೋಡೆಗೆ ಬರೆದು ಅಂಟಿಸಿದಳು. ತಮ್ಮನು ಎದುರು ಬಂದರೆ, "ಮೋತಿ ಆಕಳಿಸಿದ, ಹಿಂದೆ ಸರಿ" ಎಂದು ಪೊಲೀಸಳಂತೆ ಕೂಗುವಳು. ಗುರುಗುಟ್ಟುವುದು ಮರಳಿ ಬರಲು ಎರಡು ತಿಂಗಳಾಯಿತು. ಬಂದ ದಿನ ನನಗಾದ ಸಮಾಧಾನವನ್ನು ಶಾಲೆಯಲ್ಲಿ ಯಾರಿಗೆ ಹೇಳಿದರೂ ಅರ್ಥವಾಗಲಿಲ್ಲ.

ಇನ್ನೊಂದು ಜಗಳ ಒಗ್ಗಾಣಿಯದು. ಮಕ್ಕಳು ತಟ್ಟೆಯಿಂದ ಮಂಡಕ್ಕಿ ಉದುರಿಸುತ್ತಾರೆ, ಅದರ ತುಂಬ ಉಳ್ಳಾಗಡ್ಡಿ. ಉಳ್ಳಾಗಡ್ಡಿ, ಬೆಳ್ಳುಳ್ಳಿ ನಾಯಿಯ ರಕ್ತದ ಕೆಂಪು ಕಣಗಳನ್ನು ಒಡೆಯುತ್ತವೆ. ದ್ರಾಕ್ಷಿ ಅವುಗಳ ಮೂತ್ರಪಿಂಡಕ್ಕೆ ವಿಷ. ಒಗ್ಗಾಣಿ ಈಗ ಕಟ್ಟೆಯ ಮೇಲೆ ಕುಳಿತೇ ತಿನ್ನಬೇಕು.

ಚಿನ್ನಿಯ ವಿಷಯದಲ್ಲಿ ನಾನು ಅವಸರಪಡಲಿಲ್ಲ. ಮೊದಲ ವಾರ ಇಬ್ಬರೂ ಒಬ್ಬರನ್ನೊಬ್ಬರು ನೋಡಲೇ ಇಲ್ಲ. ಅವನು ಮಲಗುವ ಗೋಣಿಚೀಲವನ್ನು ಅವಳ ಕೋಣೆಗೆ, ಅವಳ ಹಳೆಯ ಸೀರೆ ತುಂಡನ್ನು ಅವನ ಬಳಿಗೆ ಹಾಕಿ ವಾಸನೆಯ ಪರಿಚಯ ಮಾಡಿಸಿದೆ. ಆಮೇಲೆ ಬಾಗಿಲು ನಾಲ್ಕು ಬೆರಳು ತೆರೆದು, ಮೋತಿಯನ್ನು ಹಗ್ಗದಲ್ಲಿ ಹಿಡಿದು ಕೂತೆ. ಬೆಕ್ಕಿನಿಂದ ಕಣ್ಣು ಕಿತ್ತು ನನ್ನತ್ತ ನೋಡಿದಾಗಲೆಲ್ಲ ಬೇಯಿಸಿದ ಮೊಟ್ಟೆಯ ಒಂದು ಚೂರು. ಚಿನ್ನಿಗೆ ಅಟ್ಟದ ದಾರಿ ಸದಾ ತೆರೆದಿರುವಂತೆ ನೋಡಿಕೊಂಡೆ. ಓಡುವ ಬೆಕ್ಕನ್ನು ಅವನು ಅಟ್ಟಿಸುತ್ತಾನೆ, ಮೇಲೆ ಕುಳಿತ ಬೆಕ್ಕನ್ನು ಬೇಸರವಾಗುವವರೆಗೆ ನೋಡಿ ಬಿಡುತ್ತಾನೆ. ಐದನೆಯ ವಾರ ಅವಳೇ ಇಳಿದು ಬಂದು ಅವನ ಮೂಗಿಗೆ ಒಂದು ಪೆಟ್ಟು ಕೊಟ್ಟಳು. ಅಲ್ಲಿಗೆ ತೀರ್ಮಾನವಾಯಿತು.

ಏಪ್ರಿಲ್ ಬಂತು. ರಾಯಚೂರಿನ ಬಿಸಿಲಿನ ಬಗ್ಗೆ ಇಲ್ಲಿಯವರಿಗೆ ಹೇಳಬೇಕಾಗಿಲ್ಲ. ಅಂಗೈ ಹಿಂಭಾಗವನ್ನು ರಸ್ತೆಯ ಮೇಲಿಟ್ಟು ಹತ್ತು ಎಣಿಸಲಾಗದಿದ್ದರೆ ನಾಯಿಯ ಪಾದಕ್ಕೂ ಆಗದು. ಬೆಳಗ್ಗೆ ಐದೂವರೆಗೆ ಒಂದು ಸುತ್ತು, ರಾತ್ರಿ ಒಂಬತ್ತಕ್ಕೆ ಇನ್ನೊಂದು. ಹಗಲೆಲ್ಲ ಪಡಸಾಲೆಯ ಕಲ್ಲಿನ ನೆಲ. ಅದೇ ಕಲ್ಲಿನ ಸಂದುಗಳಲ್ಲಿ ಉಣ್ಣಿಗಳೂ ಇದ್ದವು. ಅತ್ತೆ ಸೀಮೆಎಣ್ಣೆ ಎಂದರು, ನಾನು ಚಿಮಟ ಎಂದೆ. ಚರ್ಮಕ್ಕೆ ತಾಗುವಂತೆ ಹಿಡಿದು ನೇರ ಎಳೆಯಬೇಕು.

ದಿನವೂ ಮಧ್ಯಾಹ್ನ ಎರಡರ ಹೊತ್ತಿಗೆ ಮೋತಿ ಎಷ್ಟೇ ಗಾಢ ನಿದ್ದೆಯಲ್ಲಿದ್ದರೂ ಎದ್ದು ಗೇಟಿನ ಬಳಿ ನಿಲ್ಲುತ್ತಿದ್ದ. ಮೂತ್ರಕ್ಕೆಂದು ನಾವು ಗೇಟು ತೆರೆದರೆ ಹೊರಗೆ ಹೋಗುತ್ತಿರಲಿಲ್ಲ. ಕೊನೆಗೆ ಹಳೆಯ ಮನೆಯವರಿಗೆ ಫೋನು ಮಾಡಿದಾಗ ತಿಳಿಯಿತು: ಬೆಳಗಿನ ಪಾಳಿ ಮುಗಿಸಿ ಅವರು ಮನೆಗೆ ಬರುತ್ತಿದ್ದ ಹೊತ್ತು ಅದು. ತಡೆಯಲು ಹೋಗಲಿಲ್ಲ. ಜುಲೈಯಲ್ಲಿ ಮೊಹರಂ ಹಲಗೆಯ ಸದ್ದಿಗೆ ಬೆದರಿ ಮತ್ತೆ ಮಂಚದ ಕೆಳಗೆ ಸೇರಿದಾಗಲೂ ಎಳೆಯಲಿಲ್ಲ. ರೊಟ್ಟಿ ಬಡಿಯುವ ಹೊತ್ತಿಗೆ ತಾನೇ ಬಂದ. ಗೇಟಿನ ಕಾವಲು ಮಳೆಗಾಲ ಮುಗಿಯುವಷ್ಟರಲ್ಲಿ ವಾರಕ್ಕೊಮ್ಮೆಗೆ ಇಳಿದಿತ್ತು.

ಕೋಳಿಗಳ ವಿಷಯದಲ್ಲಿ ಮಾತ್ರ ನಾನು ಸೋತೆ. ಬೆಕ್ಕು ತಿರುಗಿ ಹೊಡೆಯುತ್ತದೆ, ಕೋಳಿ ರೆಕ್ಕೆ ಬಡಿದು ಓಡುತ್ತದೆ. ಜೂನ್‌ನಲ್ಲಿ ಮಗ ಹಿತ್ತಿಲ ಬಾಗಿಲು ಹಾಕಲು ಮರೆತ ಒಂದೇ ಒಂದು ದಿನ ಐದು ನಾಲ್ಕಾದವು. ಮೊಟ್ಟೆಯ ಚೂರು, ಹಗ್ಗ, ತಾಳ್ಮೆ ಯಾವುದೂ ನಡೆಯಲಿಲ್ಲ. ಆಳೆತ್ತರದ ತಂತಿ ಬಲೆ ಹಾಕಿಸಿದೆ, ಅದು ಇಂದಿಗೂ ಇದೆ. ಅತ್ತೆ ಆ ಲೆಕ್ಕವನ್ನು ಮರೆತಿಲ್ಲ. ದಿನವೂ ಹಂಚಿನಿಂದ ಇಳಿದ ಮೊದಲ ರೊಟ್ಟಿಯನ್ನು ಆರಲು ಬಿಟ್ಟು, ಮುರಿದು ಹೊಸ್ತಿಲ ಆಚೆ ಹಾಕುತ್ತಾರೆ, "ತಗೋ, ಕೋಳಿಕಳ್ಳ" ಎಂದು.